ಒಲೆ ಮೇಲೆ ಹಾಲಿಟ್ಟಿದೀನಿ

ಸುವರ್ಣಮ್ಮ ತೀರಿಕೊಂಡ ಹನ್ನೊಂದನೆಯ ದಿನ, ಶಿವಗಣಾರಾಧನೆಯ ಊಟ ಮುಗಿದು ನೆಂಟರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಸುವರ್ಣಮ್ಮನ ದನಿ ನಡುಮನೆಯಿಂದ ಕೇಳಿಬಂತು.

“ಹೇಮಾ, ಎಲ್ಲೋದ್ಯೇ? ಒಂಚೂರು ಬಾರೇ.”

ಹಿತ್ತಲಿನ ಕಲ್ಲಿನ ಮೇಲೆ ಪಾತ್ರೆ ತಿಕ್ಕುತ್ತಿದ್ದ ಸೊಸೆ ಹೇಮಲತಾ ಕೂತಲ್ಲೇ ಕೂತುಬಿಟ್ಟಳು. ಹೆಸರಿನ ಮೊದಲ ಅಕ್ಷರವನ್ನು ಎಳೆಯುವ ಆ ರೀತಿ, ಕೊನೆಯಲ್ಲಿ ಗಂಟಲು ಸರಿಮಾಡಿಕೊಳ್ಳುವ ಆ ಸಣ್ಣ ಕೆಮ್ಮು, ಎರಡೂ ಅತ್ತೆಯದೇ. ಒಳಗೆ ಯಾರೋ ಅಳಲು ಶುರುಮಾಡಿದರು. ಹೇಮಲತಾ ಗೋಡೆ ಹಿಡಿದುಕೊಂಡು ಬಂದು ನೋಡಿದರೆ, ಅತ್ತೆ ಕೂರುತ್ತಿದ್ದ ಮಣೆಯ ಮೇಲೆ ತನ್ನ ಮಗಳು ಚಿನ್ಮಯಿ ಕೂತು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಕಣ್ಣು ಗೋಡೆಗೆ ಬಿದ್ದ ಬಿಸಿಲಿನ ಮೇಲಿತ್ತು. ನಾಲ್ಕು ವರ್ಷ ತುಂಬಿ ಎರಡು ತಿಂಗಳಾಗಿದ್ದ ಆ ಮಗು ಅಲ್ಲಿಯವರೆಗೆ ಒಂದೇ ಒಂದು ಮಾತು ಆಡಿರಲಿಲ್ಲ. ಅಮ್ಮ ಎಂದೂ ಕರೆದಿರಲಿಲ್ಲ.

ಮಾವ ರೇವಣಸಿದ್ದಪ್ಪ ಮೊಮ್ಮಗಳ ಮುಂದೆ ಮಂಡಿಯೂರಿ ಕೂತು, ಎರಡೂ ಕೈ ಮುಗಿದು, ಬಂದೆಯಾ ಎಂದು ಕೇಳಿದರು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ದರ್ಬಾರು ಮಾಡಿದ ಮನುಷ್ಯ. ಅವರು ಯಾರ ಮುಂದೆಯೂ ಹಾಗೆ ಕೂತದ್ದನ್ನು ಮನೆಯವರು ಕಂಡಿರಲಿಲ್ಲ.

ಚಿನ್ಮಯಿಗೆ ಆಟಿಸಂ ಇದೆಯೆಂದು ಹಾಸನದ ಡಾಕ್ಟರು ಹೇಳಿ ಆಗಲೇ ವರ್ಷವಾಗಿತ್ತು. ಸುವರ್ಣಮ್ಮ ಆ ಹೆಸರನ್ನು ಬಾಯಿಗೆ ತಂದುಕೊಂಡವರೇ ಅಲ್ಲ. ಮಾತಾಡಿಸುತ್ತಿದ್ದರೆ ಮಾತು ತಾನೇ ಬರುತ್ತೆ ಬಿಡೇ ಎಂದು, ಬೆಳಗಿನಿಂದ ಸಂಜೆಯವರೆಗೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹರಟುತ್ತಿದ್ದರು. ಅಕ್ಕಿ ಆರಿಸುವಾಗ, ಹೂ ಕಟ್ಟುವಾಗ, ಮಗು ಉತ್ತರ ಕೊಟ್ಟಿತು ಎನ್ನುವಂತೆ ನಡುನಡುವೆ ಹೌದಾ, ಹಂಗಾ ಎಂದು ತಲೆಯಾಡಿಸುವುದೂ ಇತ್ತು. ಆ ಮಾತೆಲ್ಲ ಎಲ್ಲಿ ಹೋಗಿ ಕೂತಿತ್ತೋ. ಆ ದಿನದಿಂದ ಒಂದೊಂದಾಗಿ ಹೊರಗೆ ಬರತೊಡಗಿತು.

“ಉಪ್ಪು ಸಾಲದು ಕಣೇ.” “ಬಾಗಿಲು ಹಾಕಿ, ಸೊಳ್ಳೆ ಬತ್ತವೆ.” “ನಿಮ್ಮಿಷ್ಟ, ನಾನೇನು ಹೇಳ್ಲಿ.” “ಒಲೆ ಮೇಲೆ ಹಾಲಿಟ್ಟಿದೀನಿ, ಉಕ್ಕಿಬಿಡುತ್ತೆ.”

ಸಂಜೆ ಮಂಡಿಯಿಂದ ಬಂದು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡ ಮೇಲೆ ಮಾವ ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸುವುದು ದಿನದ ಪದ್ಧತಿಯಾಯಿತು. ಅವಳ ಹಣೆಗೂ ವಿಭೂತಿ, ಕೊರಳಿಗೆ ಅಜ್ಜಿಯ ರುದ್ರಾಕ್ಷಿ. ಮುಂದೆ ಒಂದು ತಟ್ಟೆಯಲ್ಲಿ ಸುವರ್ಣಮ್ಮನಿಗೆ ಇಷ್ಟವಾದದ್ದು ಏನಾದರೂ. ಅಟ್ಟದ ಕಾಯಿ ಈಗ ಒಡೆಸಲೋ ಮುಂದಿನ ತಿಂಗಳೋ, ಏನಂತೀಯೆ ಸುವರ್ಣಾ ಎಂದು ಅವರು ಕೇಳುವರು. ನಿಮ್ಮಿಷ್ಟ, ನಾನೇನು ಹೇಳ್ಲಿ ಎಂದು ಮಗು ಹೇಳುವುದು. ಅವರ ಕಣ್ಣಲ್ಲಿ ನೀರು ತುಂಬಿಕೊಳ್ಳುವುದು. ಹೇಮಲತಾಳ ಗಂಡ ಶರತ್ಚಂದ್ರನೂ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದ. ಅಪ್ಪನಿಗೆ ಸಮಾಧಾನ ಆಗುತ್ತಲ್ಲ, ನಡೆದುಕೊಂಡು ಹೋಗಲಿ ಬಿಡು ಎನ್ನುತ್ತಿದ್ದ. ಸಮಾಧಾನ ಅವನಿಗೂ ಆಗುತ್ತಿತ್ತು.

ಸುದ್ದಿ ಬೀದಿಗೂ ಹೋಯಿತು. ಬಾಣಾವರದಿಂದ ನಾದಿನಿ ದಾಕ್ಷಾಯಿಣಿ ವಾರಕ್ಕೊಮ್ಮೆ ರೈಲಿನಲ್ಲಿ ಬರತೊಡಗಿದಳು, ಬರುವಾಗ ಓರಗಿತ್ತಿಯನ್ನೋ ಪಕ್ಕದ ಮನೆಯವರನ್ನೋ ಕರೆತರುವಳು. ಮಗಳಿಗೆ ಗಂಡು ಗೊತ್ತಾಗುತ್ತದೆಯೇ ಎಂದು ಒಬ್ಬಾಕೆ ಕೇಳಿದಾಗ ಮಗು ಒಲೆ ಮೇಲೆ ಹಾಲಿಟ್ಟಿದೀನಿ ಎಂದಿತು. ಹಾಲುಕ್ಕಿತು ಅಂದರೆ ಶುಭವೇ ಎಂದು ಆಕೆ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿ ಹೋದಳು. ಚಿನ್ಮಯಿ ಅದನ್ನೇ ಇನ್ನೂ ಆರು ಸಲ ಹೇಳಿದಳು. ಮಣೆ ಬಿಟ್ಟು ಏಳಲು ಹೋದರೆ ದಾಕ್ಷಾಯಿಣಿ ಹೆಗಲು ಹಿಡಿದು ಕೂರಿಸಿದಳು.

ಹೇಮಲತಾ ಮಾತ್ರ ಸಂಜೆಯ ಆ ಹೊತ್ತಿಗೆ ಹಿತ್ತಲಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಒಣಗಿದ ಬಟ್ಟೆಯನ್ನು ಎರಡೆರಡು ಸಲ ಮಡಚುವಳು. ಉಳಿದ ಮಾತಿಗೆಲ್ಲ ಅವಳು ಹೆದರುತ್ತಿರಲಿಲ್ಲ. ಆ ಒಂದು ಮಾತು, ಹೇಮಾ ಎಲ್ಲೋದ್ಯೇ, ಅದು ಬಂದರೆ ಹಿತ್ತಲ ತುದಿಯವರೆಗೂ ಹೋಗಿಬಿಡುತ್ತಿದ್ದಳು.

ಏಕೆಂದರೆ ಆ ಮಾತನ್ನು ಅವಳು ಮೊದಲೇ ಕೇಳಿದ್ದಳು.

ಅತ್ತೆಗೆ ಲಕ್ವ ಹೊಡೆದ ದಿನ ಹಿತ್ತಲಲ್ಲಿ ಕಾಯಿ ಒಡೆಸುತ್ತಿದ್ದರು. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ. ನಾಲ್ಕು ಹೆಂಗಸರು ಕೂತು ಚಿಪ್ಪು ಒಡೆಯುತ್ತಿದ್ದರೆ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದು. ಹೇಮಲತಾ ಕೌಟು ಹಿಡಿದು ಕೆಟ್ಟ ಕೊಬ್ಬರಿಯನ್ನು ಬೇರೆ ಮಾಡುತ್ತಿದ್ದಳು. ಆ ಸದ್ದಿನ ನಡುವೆ ಒಳಗಿನಿಂದ ಅತ್ತೆ ಕರೆದರು. ಕೇಳಿಸಿತು. ಅತ್ತೆ ದಿನಕ್ಕೆ ಇಪ್ಪತ್ತು ಸಲ ಕರೆಯುವವರು, ಕನ್ನಡಕಕ್ಕೆ, ಸೂಜಿಗೆ ದಾರಕ್ಕೆ, ಸುಮ್ಮನೆ ನೋಡಬೇಕೆನಿಸಿದರೂ. ಈ ಕುಕ್ಕೆ ಮುಗಿಸಿ ಹೋಗೋಣ ಎಂದುಕೊಂಡಳು. ಎರಡನೆಯ ಸಲವೂ ಕೇಳಿಸಿತು. ಕುಕ್ಕೆ ಅರ್ಧ ಆಗಿತ್ತು. ಮುಗಿಸಿ ಹೋದಾಗ ಅತ್ತೆ ಮಣೆಯಿಂದ ಪಕ್ಕಕ್ಕೆ ವಾಲಿಕೊಂಡಿದ್ದರು, ಬಾಯಿ ಸೊಟ್ಟಗಾಗಿತ್ತು. ಚಿನ್ಮಯಿ ಅವರ ಸೆರಗಿನ ಚುಂಗು ಹಿಡಿದು ತೂಗುತ್ತಿದ್ದಳು.

ಆಸ್ಪತ್ರೆಯಲ್ಲಿ ಮೂರು ದಿನ ಸುವರ್ಣಮ್ಮನಿಗೆ ಮಾತು ಹೊರಡಲಿಲ್ಲ. ಮೆದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟಾಗಿದೆ ಎಂದರು. ಸೊಸೆಯನ್ನು ಕಂಡಾಗಲೆಲ್ಲ ಹೆ, ಹೆ ಎಂದು ಉಸಿರು ಬಿಡುತ್ತಿದ್ದರು. ಉಳಿದವರು ಅದನ್ನು ಏದುಸಿರು ಅಂದುಕೊಂಡರು. ಬೇಗ ತಂದಿದ್ದರೆ ಎಂದು ಡಾಕ್ಟರು ಶುರುಮಾಡಿ, ಹೇಳಲಿಕ್ಕೆ ಬರುವುದಿಲ್ಲ ಎಂದು ನಿಲ್ಲಿಸಿದರು. ಕರೆ ಕೇಳಿಸಿತ್ತು ಎಂಬುದನ್ನು ಹೇಮಲತಾ ಯಾರಿಗೂ ಹೇಳಲಿಲ್ಲ. ಹೇಳದೆ ಉಳಿದದ್ದು ಈಗ ಮಗಳ ಬಾಯಿಂದ ಎದ್ದು ಬಂದು ಮನೆಯೊಳಗೆ ಅವಳನ್ನು ಹುಡುಕುತ್ತಿತ್ತು.

ಏಳೆಂಟು ತಿಂಗಳ ಮೇಲೆ, ಅಂಗನವಾಡಿಯ ಟೀಚರು ಕೊಟ್ಟ ಒಂದು ಫೋನ್ ನಂಬರು ಹಿಡಿದು, ಹೇಮಲತಾ ಮಗಳನ್ನು ಬೇಲೂರಿಗೆ ಕರೆದುಕೊಂಡು ಹೋದಳು. ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಬುಧವಾರ ಬುಧವಾರ ಶಿಲ್ಪಶ್ರೀ ಎಂಬ ವಾಕ್ ಚಿಕಿತ್ಸಕಿ ಕೂರುತ್ತಿದ್ದರು. ಮೂವತ್ತು ದಾಟದ ಹುಡುಗಿ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಸೋಪಿನ ಗುಳ್ಳೆ ಊದುತ್ತ ಮಗುವಿನ ಸರದಿಗಾಗಿ ಕಾಯುವುದೇ ಅವರ ಅರ್ಧ ಕೆಲಸ. ಮೊದಲ ದಿನ ಕಾದದ್ದು ಮುಕ್ಕಾಲು ಗಂಟೆ. ಮೂರನೆಯ ವಾರ ಹೇಮಲತಾ ಸಂಕೋಚದಿಂದ, ಮನೆಯವರು ಹೀಗೆ ಅನ್ನುತ್ತಾರೆ, ಅಜ್ಜಿ ಮೈಮೇಲೆ ಬರುತ್ತಾರಂತೆ ಎಂದು ಹೇಳಿದಳು. ಶಿಲ್ಪಶ್ರೀ ನಗಲಿಲ್ಲ. ಬೇರೆ ಯಾರ ಮಾತನ್ನೂ ಆಡುವುದಿಲ್ಲವೇ ಎಂದು ಕೇಳಿದರು.

ಆಡುತ್ತಿದ್ದಳು. ಬಾಣಾವರ, ಜಾವಗಲ್ ದಾಟಿ ಬರುವ ಬಸ್ಸಿನಲ್ಲಿ ಕಂಡಕ್ಟರು ಕೂಗಿದ್ದನ್ನು ಎರಡನೆಯ ವಾರವೇ ಹಿಡಿದುಕೊಂಡಿದ್ದಳು. “ಹಳೇಬೀಡು ಇಳಿಯೋರು ಇಳೀರಿ, ಬೇಗ ಬೇಗ.” ಗಡಸು ದನಿ, ಬಾಗಿಲು ತಟ್ಟುವ ಸದ್ದೂ ಸೇರಿಸಿ. ಮನೆಯಲ್ಲಿ ಯಾರಾದರೂ ಎತ್ತಿಕೊಂಡರೆ, ಕೆಳಗಿಳಿಯಬೇಕೆನಿಸಿದಾಗ ಅದು ಬರುತ್ತಿತ್ತು.

“ಕಂಡಕ್ಟರು ಇನ್ನೂ ಬದುಕಿದಾರೆ ತಾನೆ?” ಎಂದು ಶಿಲ್ಪಶ್ರೀ ಕೇಳಿದರು. “ನಮಗೆ ಮಾತು ಬಿಡಿಬಿಡಿಯಾಗಿ ಬರುತ್ತೆ ಹೇಮಲತಾ. ಇವಳಿಗೆ ಇಡಿಯಾಗಿ ಬರುತ್ತೆ. ಎಲ್ಲಿ ಕೇಳಿದ್ಲೋ, ಆಗ ಏನು ನಡೀತಿತ್ತೋ, ಯಾರ ದನಿಯೋ, ಎಲ್ಲಾ ಒಂದೇ ಗಂಟು. ಬೇಕಾದಾಗ ಗಂಟನ್ನೇ ತೆಗೆದು ಮುಂದಿಡ್ತಾಳೆ. ಗಂಟಿನೊಳಗೆ ಅವಳು ಹೇಳೋದು ಒಂದಿರುತ್ತೆ. ಅದನ್ನ ನಾವು ಹುಡುಕಬೇಕು.”

ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು ಕೊಟ್ಟರು. ಏನು ಹೇಳಿದಳು, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಮನೆಯವರು ಏನು ಮಾಡಿದರು. ಹೇಮಲತಾ ಅದನ್ನು ಅಡುಗೆಮನೆಯ ಗೂಡಿನಲ್ಲಿ ಸಾಂಬಾರು ಪುಡಿಯ ಡಬ್ಬದ ಪಕ್ಕ ಇಟ್ಟುಕೊಂಡು, ಒಗ್ಗರಣೆ ಸಿಡಿಯುವ ಮುಂಚೆ ಒಂದು ಸಾಲು, ಕುಕ್ಕರಿನ ಎರಡು ಕೂಗಿನ ನಡುವೆ ಒಂದು ಸಾಲು ಬರೆದಳು. ತಿಂಗಳಿಗೆ ನಲವತ್ತು ಪುಟವಾಯಿತು. ಉಪ್ಪು ಸಾಲದು ಅಂದರೆ ಈ ಊಟ ಬೇಡ. ಬಾಗಿಲು ಹಾಕಿ ಅಂದರೆ ಬೆಳಕು ಚುಚ್ಚುತ್ತಿದೆ. ಹಾಲಿನ ಮಾತು ತಿಳಿಯಲು ಮಾತ್ರ ತಡವಾಯಿತು. ಒಂದು ಮಧ್ಯಾಹ್ನ ಬರೆಯುತ್ತ ಬರೆಯುತ್ತ ಅವಳಿಗೆ ನಗು ಬಂತು. ನೆಂಟರು ಬಂದು ಗಂಟೆಗಟ್ಟಲೆ ಕೂತರೆ ಸುವರ್ಣಮ್ಮ ಹಾಗೆ ಹೇಳಿ ಎದ್ದು ಬಂದುಬಿಡುತ್ತಿದ್ದರು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಅಡುಗೆಮನೆಗೆ ಬಂದು ಸೊಸೆಗೆ ಕಣ್ಣು ಹೊಡೆದು, ಕಾಲು ಚಾಚಿ ಕೂರುತ್ತಿದ್ದರು. ಮಗು ಅದನ್ನು ನೋಡಿತ್ತು. ಆ ಮಣೆಯ ಮೇಲಿನಿಂದ ಇಷ್ಟು ತಿಂಗಳೂ ತನ್ನನ್ನು ಬಿಟ್ಟುಬಿಡಿ ಎಂದು ಕೇಳುತ್ತಲೇ ಇತ್ತು.

ನಕ್ಕದ್ದು ನಡುವಿನಲ್ಲೇ ನಿಂತುಹೋಯಿತು.

ನಲವತ್ತು ಪುಟದಲ್ಲಿ ಒಂದು ಮಾತು ಇರಲಿಲ್ಲ. ಅದು ಇಲ್ಲವೆಂದು ಶಿಲ್ಪಶ್ರೀಗೆ ಗೊತ್ತಾದದ್ದು ಕೆಳಗಿನ ಅಂಗಡಿಯ ಜನರೇಟರು ಒಮ್ಮೆಲೇ ಗುಡುಗಿದ ದಿನ. ಚಿನ್ಮಯಿ ಎರಡೂ ಕಿವಿ ಒತ್ತಿಕೊಂಡು, ಮುಖ ಮೊಣಕಾಲಿಗೆ ಹುದುಗಿಸಿ, ಆ ದನಿಯಲ್ಲಿ, ಆ ಎಳೆತದಲ್ಲಿ, ಕೊನೆಯ ಕೆಮ್ಮಿನ ಸಮೇತ ಕರೆದಳು. ಹೇಮಲತಾ ನಿಂತಲ್ಲಿಂದ ಎರಡು ಹೆಜ್ಜೆ ಬಾಗಿಲ ಕಡೆ ಸರಿದಿದ್ದಳು. ಸರಿದದ್ದು ಅವಳಿಗೇ ಗೊತ್ತಿರಲಿಲ್ಲ.

“ಹೇಮಾ ಅಂದ್ರೆ ನೀವೇ ಅಲ್ವಾ?” ಎಂದರು ಶಿಲ್ಪಶ್ರೀ, ಸದ್ದು ನಿಂತ ಮೇಲೆ. “ಇದು ಬುಕ್ಕಲ್ಲಿ ಎಲ್ಲೂ ಇಲ್ವಲ್ಲ.”

ಅದು ನಮ್ಮತ್ತೆಯ ಮಾತು ಎಂದಷ್ಟೇ ಹೇಮಲತಾ ಹೇಳಿದಳು.

“ಇರಬಹುದು. ನಾವು ಆಡೋದೂ ಮೊದಲು ಯಾರೋ ಆಡಿದ್ದೇ. ಆದ್ರೆ ಈಗ ಕರೆದದ್ದು ಇವಳು. ಇವಳಿಗೆ ಅಮ್ಮನ್ನ ಕರೆಯೋಕೆ ಇರೋದು ಇದೊಂದೇ ಮಾತು. ಇಷ್ಟು ತಿಂಗಳಿಂದ ಕರೀತಿದ್ರೆ, ಇಷ್ಟು ತಿಂಗಳಿಂದ ಯಾರೂ ಓಗೊಟ್ಟಿಲ್ಲ ಅಂತಾಯ್ತು. ಹೀಗೇ ಹೋದ್ರೆ ಒಂದಿನ ಕರೆಯೋದನ್ನೇ ಬಿಟ್ಟುಬಿಡ್ತಾಳೆ. ಬಿಟ್ಟ ಮೇಲೆ ಮತ್ತೆ ಕರೆಸೋದು ಕಷ್ಟ.”

ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಗೆ ಹಣೆ ಒತ್ತಿಕೊಂಡು ನಿದ್ದೆ ಹೋದಳು. ಮಾದಿಹಳ್ಳಿಯ ಗದ್ದೆ, ತೆಂಗು, ಹಾಲಿನ ಡೈರಿ ಹಿಂದೆ ಸರಿದವು. ಇನ್ನುಮುಂದೆ ಕರೆದರೆ ಹೋಗುತ್ತೇನೆ ಎಂದು ಹೇಮಲತಾ ಗಟ್ಟಿ ಮಾಡಿಕೊಂಡಳು.

ಹೋಗಲು ಆಗಲಿಲ್ಲ. ಕರೆ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಒಳಗೆ ಹೋದರೆ ಮಣೆಯ ಮೇಲೆ ಬಾಯಿ ಸೊಟ್ಟಗಾದ ಆ ಮುಖವೇ ಇರುತ್ತದೆ ಎಂದು ಹಗಲು ಹೊತ್ತಿನಲ್ಲೂ ಅನಿಸುತ್ತಿತ್ತು. ಬುಕ್ಕಿನಲ್ಲಿ ಮಾತ್ರ ಪ್ರಾಮಾಣಿಕವಾಗಿ ಬರೆದಳು. ಮಿಕ್ಸಿ ಹಾಕಿದಾಗ ಕರೆದಳು, ನಾನು ಹೋಗಲಿಲ್ಲ. ಎಲ್ಲರೂ ಹೊರಗೆ ಹೋದಾಗ ಕರೆದಳು, ನಾನು ಹೋಗಲಿಲ್ಲ. ಮೊದಲು ದಿನಕ್ಕೊಮ್ಮೆ ಬರುತ್ತಿದ್ದ ಕರೆ ವಾರಕ್ಕೆ ಮೂರಾಯಿತು, ಆಮೇಲೆ ಒಂದು. ಒಂದು ವಾರ ಆ ಸಾಲೇ ಬರಲಿಲ್ಲ. ಆ ವಾರ ಹೇಮಲತಾ ಚೆನ್ನಾಗಿ ನಿದ್ದೆ ಮಾಡಿದಳು. ನಿದ್ದೆ ಬಂದದ್ದಕ್ಕೆ ಬೆಳಗ್ಗೆ ಎದ್ದು ತನ್ನನ್ನೇ ಬೈದುಕೊಂಡಳು.

ಅಷ್ಟರಲ್ಲಿ ಸುವರ್ಣಮ್ಮನ ವರ್ಷದ ದಿನ ಬಂತು.

ಬೇಡವೆಂದು ಅವಳು ಗಂಡನಿಗೆ ಹೇಳಿ ನೋಡಿದ್ದಳು, ಮಗುವನ್ನು ಅವತ್ತು ಮಣೆಗೆ ಕೂರಿಸಬೇಡಿ ಎಂದು. ಇದೊಂದು ದಿನ ಎಂದ ಶರತ್ಚಂದ್ರ. ಬೆಳಗ್ಗೆ ಹನ್ನೊಂದಕ್ಕೆ ನಡುಮನೆ ತುಂಬಿತ್ತು. ಚಿನ್ಮಯಿಗೆ ರೇಷ್ಮೆ ಲಂಗ, ಕೊರಳಲ್ಲಿ ರುದ್ರಾಕ್ಷಿ, ಮುಂದೆ ಬಾಳೆಯೆಲೆಯ ಎಡೆ. ಪೂಜೆಗೆ ಕರೆಸಿದ್ದ ಅಯ್ಯನವರು ಪಾದಪೂಜೆ ಮುಗಿಸಿ ಪಕ್ಕದಲ್ಲಿ ಕೂತಿದ್ದರು. ದಾಕ್ಷಾಯಿಣಿ ಮಂಗಳಾರತಿಗೆ ಜಾಗಟೆ ಬಾರಿಸುವವರನ್ನೂ ಶಂಖ ಊದುವವರನ್ನೂ ಕರೆಸಿದ್ದಳು.

ಹೇಮಲತಾ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಒಲೆ ಮೇಲೆ ಹಾಲಿಟ್ಟಿದೀನಿ ಎಂಬುದು ಮೊದಲು ಕೇಳಿಸಿತು. ಮತ್ತೆ ಕೇಳಿಸಿತು. ಜನ ಶಿವ ಶಿವಾ ಎಂದರು. ಮೂರನೆಯದಕ್ಕೆ ಉಕ್ಕಿಬಿಡುತ್ತೆ ಎಂಬಲ್ಲಿ ದನಿ ಒಡೆದಿತ್ತು. ಆಮೇಲೆ ಶಂಖ, ಜಾಗಟೆ, ಗಂಟೆ, ಒಂದೇ ಸಲ. ಮನೆಯ ಗೋಡೆಗಳೇ ನಡುಗಿದವು. ಆ ಸದ್ದಿನ ನಡುವಿನಿಂದ, ಹತ್ತು ದಿನದಿಂದ ಇಲ್ಲದಿದ್ದದ್ದು, ಬಂತು.

“ಹೇಮಾ, ಎಲ್ಲೋದ್ಯೇ?”

ಕಾವಲಿಯ ಮೇಲಿನ ಹೋಳಿಗೆ ಒಂದು ಮಗ್ಗುಲು ಬೆಂದಿತ್ತು. ಇದನ್ನು ತಿರುವಿಹಾಕಿ ಹೋಗೋಣ ಎಂದು ಅವಳಿಗೆ ಅನಿಸಿತು. ಅನಿಸಿದ್ದು ಅವಳಿಗೇ ಕೇಳಿಸಿತು. ಅವತ್ತಿನ ಮನಸ್ಸೇ ಅದು, ಅದೇ ಅವಸರವಿಲ್ಲದ ಒಳ್ಳೆಯ ಸೊಸೆಯ ಮನಸ್ಸು. ಮಗುಚುವ ಸಟ್ಟುಗವನ್ನು ಹಾಗೇ ಕೆಳಗೆ ಬಿಟ್ಟು ಅವಳು ನಡುಮನೆಗೆ ಹೋದಳು. ಈ ಸಲ ಕಾಲು ಮುಂದೆ ಬಂದವು. ಕೂತವರ ನಡುವೆ ದಾರಿ ಮಾಡಿಕೊಂಡು, ಯಾರದೋ ಕೈ ತುಳಿದು, ಮಣೆಯ ಮುಂದೆ ಮಂಡಿಯೂರಿದಳು.

ಮಣೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಕಿವಿ ಮುಚ್ಚಿಕೊಂಡ ಐದು ವರ್ಷದ ಹುಡುಗಿ, ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು.

“ಬಂದೆ,” ಎಂದಳು ಹೇಮಲತಾ. “ಇಲ್ಲೇ ಇದೀನಿ. ಬಂದೆ.”

ಚಿನ್ಮಯಿ ಅವಳ ಮುಖ ನೋಡಲಿಲ್ಲ. ಕಿವಿಯಿಂದ ಒಂದು ಕೈ ತೆಗೆದು, ಅಮ್ಮನ ಅಂಗೈಯನ್ನು ಎಳೆದು ಅದೇ ಕಿವಿಯ ಮೇಲೆ ಇಟ್ಟುಕೊಂಡಳು. ಹೇಮಲತಾ ರುದ್ರಾಕ್ಷಿ ಬಿಚ್ಚಿ ಎಡೆಯ ಪಕ್ಕ ಇಟ್ಟು ಮಗಳನ್ನು ಎತ್ತಿಕೊಂಡಳು. ಜಾಗಟೆ ತಾನಾಗಿ ನಿಂತಿತು.

ದಾಕ್ಷಾಯಿಣಿ ಸೆರಗು ಹಿಡಿದಳು. “ಅಮ್ಮ ನಿನ್ನನ್ನೇ ಹೆಸರು ಹಿಡಿದು ಕರೀತಿದಾಳೆ ಅತ್ತಿಗೆ. ಏನೋ ಮನಸ್ಸಲ್ಲಿ ಇಟ್ಕೊಂಡಿದಾಳೆ. ಕೂತ್ಕೊಂಡು ಕೇಳು, ಹಿಂಗೆ ಎದ್ದು ಹೋಗ್ಬೇಡ.”

“ಅತ್ತೆ ಕರೆದಿದ್ದು ಅವತ್ತು,” ಎಂದಳು ಹೇಮಲತಾ. ಅವಳು ನೋಡುತ್ತಿದ್ದದ್ದು ಮಾವನನ್ನು. “ಎರಡು ಸಲ ಕರೆದ್ರು. ನನಗೆ ಕೇಳಿಸ್ತು ಮಾವ. ಕೊಬ್ಬರಿ ಆರಿಸ್ತಾ ಇದ್ದೆ, ಹೋಗ್ಲಿಲ್ಲ. ಅದಕ್ಕೆ ಏನು ಅನ್ನಬೇಕೋ ಎಲ್ಲರೂ ನನ್ನನ್ನ ಅನ್ನಿ. ಇವತ್ತು ಕರೆದಿದ್ದು ನನ್ನ ಮಗಳು.”

ಅಯ್ಯನವರು ಸಾವಕಾಶವಾಗಿ ಎದ್ದು, ಊಟಕ್ಕೆ ಎಲೆ ಹಾಕಿಸಿ ಎಂದರು. ಅಡುಗೆಮನೆಯಿಂದ ಹೋಳಿಗೆ ಸೀದ ವಾಸನೆ ಬರುತ್ತಿತ್ತು.

ಅದಾದ ಮೇಲೆ ಎಂಟು ದಿನ ರೇವಣಸಿದ್ದಪ್ಪ ಸೊಸೆಯ ಜೊತೆ ಮಾತಾಡಲಿಲ್ಲ. ಸಂಜೆ ಬಂದು ವಿಭೂತಿ ಹಚ್ಚಿಕೊಂಡು ಮಣೆಯ ಎದುರು ಒಬ್ಬರೇ ಕೂರುವರು. ಮೊಮ್ಮಗಳನ್ನು ಕರೆಯುತ್ತಿರಲಿಲ್ಲ. ಶರತ್ಚಂದ್ರ ಹೇಮಲತಾಳನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬುಧವಾರ ಮಂಡಿಗೆ ಹೋಗದೆ ಬಸ್ ಸ್ಟ್ಯಾಂಡಿನವರೆಗೆ ಬಂದು ಮಗಳ ಚೀಲ ಎತ್ತಿಕೊಟ್ಟ. ಒಂಬತ್ತನೆಯ ದಿನ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ಆ ಬುಕ್ಕು ಕೊಡು ಎಂದರು. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಿದರು. ನಾನು ಹೋಗಲಿಲ್ಲ, ನಾನು ಹೋಗಲಿಲ್ಲ ಎಂಬ ಸಾಲುಗಳ ಮೇಲೆ ಅವರ ಬೆರಳು ನಿಂತು ನಿಂತು ಮುಂದೆ ಹೋಯಿತು.

“ನಿಮ್ಮಿಷ್ಟ, ನಾನೇನು ಹೇಳ್ಲಿ ಅಂತಾಳಲ್ಲ,” ಎಂದು ಕೊನೆಗೆ ಕೇಳಿದರು. “ಅದಕ್ಕೇನು ಬರೆದಿದೀಯಮ್ಮ?”

ಕೇಳಿದ ಪ್ರಶ್ನೆ ಅವಳಿಗೆ ತಿಳಿಯದಿದ್ದಾಗ ಹಾಗೆ ಹೇಳುತ್ತಾಳೆ ಎಂದು ಹೇಮಲತಾ ತಿಳಿಸಿದಳು.

ಅವರು ಕನ್ನಡಕ ತೆಗೆದರು. “ನಲವತ್ತು ವರ್ಷ ಕೇಳಿದೀನಿ ಅವಳನ್ನ,” ಎಂದರು. “ಅವಳಿಗೂ ತಿಳೀತಿರಲಿಲ್ವೇನೋ. ಒಂದಿನಾನೂ ಬಿಡಿಸಿ ಹೇಳಲಿಲ್ಲ ನಾನು.”

ಬುಕ್ಕು ಮಡಚಿ ಗೂಡಿನಲ್ಲಿ ಅದು ಇದ್ದ ಜಾಗದಲ್ಲೇ ಇಟ್ಟುಹೋದರು.

ಆಮೇಲೆ ಬಂದ ತಿಂಗಳುಗಳಲ್ಲಿ ದೊಡ್ಡದೇನೂ ನಡೆಯಲಿಲ್ಲ. ಚಿನ್ಮಯಿ ಕರೆದಾಗಲೆಲ್ಲ ಹೇಮಲತಾ ಬಂದೆ ಎಂದು ಹೋದಳು, ಹಿಟ್ಟಿನ ಕೈಯಲ್ಲಿ, ಒದ್ದೆ ಕೂದಲಲ್ಲಿ. ಹೋಗುವಾಗ ಪ್ರತಿ ಸಲವೂ ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ಆಮೇಲೆ ದಾಟುವಳು. ಶಿಲ್ಪಶ್ರೀ ಹೇಳಿಕೊಟ್ಟಂತೆ ಮಗಳ ಗಂಟುಗಳ ಪಕ್ಕದಲ್ಲೇ ಸಣ್ಣ ಮಾತು ಆಡಿ ಬಿಟ್ಟಳು. ಅಮ್ಮ ಬಂದ್ಲು. ಕಿವಿ ನೋವಾ. ಹೋಗೋಣ. ತಿರುಗಿ ಹೇಳು ಎಂದು ಒಮ್ಮೆಯೂ ಕೇಳಲಿಲ್ಲ. ಹಾಲಿನ ಮಾತು ಬಂದರೆ ಮಾವನೇ ಎದ್ದು, ಬಾ ಮರಿ, ಹಿತ್ತಲಿಗೆ ಹೋಗೋಣ ಎನ್ನುವರು. ಗಂಟುಗಳು ಸವೆದವು. ಹಾಲಿಟ್ಟಿದೀನಿ, ಇಳೀರಿ ಎಂದು ಅಜ್ಜಿಯನ್ನೂ ಕಂಡಕ್ಟರನ್ನೂ ಒಟ್ಟಿಗೆ ಸೇರಿಸಿ ಒಂದು ದಿನ ಹೇಳಿದಾಗ ಶಿಲ್ಪಶ್ರೀ ಬೇಲೂರಿನ ಆ ಕೋಣೆಯಲ್ಲಿ ನೆಲದ ಮೇಲೆ ಕೂತೇ ಚಪ್ಪಾಳೆ ತಟ್ಟಿದ್ದರು.

ಮಾಘದ ಒಂದು ಮಧ್ಯಾಹ್ನ ಹೇಮಲತಾ ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಮಾವ ನಡುಮನೆಯಲ್ಲಿ ಗೋಡೆಗೊರಗಿ ತೂಕಡಿಸುತ್ತಿದ್ದರು. ಒಳಗಿನಿಂದ ಒಂದು ಮಾತು ಬಂತು.

“ಅಮ್ಮ, ಬಾರೇ.”

ಎಳೆತವಿರಲಿಲ್ಲ. ಕೆಮ್ಮಿರಲಿಲ್ಲ. ತೆಳ್ಳಗೆ, ಸ್ವಲ್ಪ ಮೂಗಿನಿಂದ ಬರುವ, ಈ ಮನೆಯಲ್ಲಿ ಹಿಂದೆ ಯಾರೂ ಕೇಳಿರದ ದನಿ. ರೇವಣಸಿದ್ದಪ್ಪ ಎಚ್ಚತ್ತು ಬಾಗಿಲ ಕಡೆ ತಿರುಗಿ, ಯಾರಮ್ಮ ಬಂದಿರೋದು ಎಂದು ಕೇಳಿದರು.

ಹೇಮಲತಾ ಉತ್ತರ ಕೊಡುವ ಮುಂಚೆ ಇನ್ನೊಂದು ದನಿಗಾಗಿ ಕಿವಿಗೊಟ್ಟಳು. ಒಂದು ವರ್ಷ ಯಾವುದಕ್ಕೆ ಹೆದರಿ ಓಡುತ್ತಿದ್ದಳೋ ಅದಕ್ಕಾಗಿ. ಮನೆ ಸುಮ್ಮನಿತ್ತು. ಅತ್ತೆ ಇನ್ನು ಕರೆಯುವುದಿಲ್ಲ ಎಂಬುದು ಅವಳಿಗೆ ಅವತ್ತು, ಮೊದಲ ಸಲ, ನಿಜವಾಗಿ ತಿಳಿಯಿತು. ಖಾರದ ಕೈಯಿಂದ ಕಣ್ಣು ಒರೆಸಿಕೊಳ್ಳಲೂ ಆಗದೆ, “ಚಿನ್ಮಯಿ, ಮಾವ,” ಎಂದು ಹೇಳುತ್ತ ಅವಳು ಒಳಗೆ ಹೋದಳು.